ವೇಗವಿದ್ದರೂ ವಿಳಂಬವೇಕೆ?

ರಾಜಾಜಿನಗರದಿಂದ ಕೆಂಗೇರಿಯವರೆಗಿನ ಬಡಾವಣೆಗಳಲ್ಲಿ ನೀರು, ವಿದ್ಯುತ್ತುಗಳಂತೆಯೇ ಅಂತರಜಾಲವೂ ಇಂದು ಸಂಸಾರದ ನಿತ್ಯಾವಶ್ಯಕತೆಗಳಲ್ಲೊಂದಾಗಿದೆ. ೨೦೨೦ರ ಲಾಕ್‌ಡೌನ್ ಕಾಲದಲ್ಲಿ ಪಾಠಶಾಲೆಯೂ ಕಚೇರಿಯೂ ನಡುಮನೆಗೇ ಬಂದು ಕುಳಿತವು; ಅವು ಮರಳಿದ ಮೇಲೂ ಅಭ್ಯಾಸ ಉಳಿಯಿತು. ಮಗನ ಉದ್ಯೋಗದ ಸಂದರ್ಶನ, ಮಗಳ ತರಗತಿ, ಅಮೆರಿಕದಲ್ಲಿರುವ ಮೊಮ್ಮಗುವಿನ ಮುಖದರ್ಶನ, ಎಲ್ಲಕ್ಕೂ ಅದೊಂದೇ ಎಳೆ ಆಧಾರ. ಪ್ರಶ್ನೆ ಕೇಳಿದ ಗಳಿಗೆಯಲ್ಲೇ ಮಾತು ತಡವರಿಸಿದರೆ ಉತ್ತರ ಬಲ್ಲ ಹುಡುಗನೂ ಮಂಕನಂತೆ ಕಾಣುತ್ತಾನೆ. ಆಗ ಮನೆಯವರಿಗೆ ತೋಚುವ ಉಪಾಯವೆಂದರೆ ಹೆಚ್ಚು ಹಣ ತೆತ್ತು ಹೆಚ್ಚು ವೇಗದ ಸಂಪರ್ಕವನ್ನು ಪಡೆಯುವುದು. ಅಷ್ಟು ಮಾಡಿದರೂ ಎಷ್ಟೋ ವೇಳೆ ತೊಂದರೆ ತಪ್ಪುವುದಿಲ್ಲ. ಕಾರಣವೇನು?

ಅಗಲ ಬೇರೆ, ಕಾಯುವಿಕೆ ಬೇರೆ

'ನೂರು ಎಂಬಿಪಿಎಸ್' ಎಂಬ ಜಾಹೀರಾತು ಹೇಳುವುದು ದಾರಿಯ ಅಗಲವನ್ನು ಮಾತ್ರ. ಸಂದೇಶವೊಂದು ಹೋಗಿ ಉತ್ತರ ಮರಳಲು ಹಿಡಿಯುವ ಕಾಲ ಬೇರೆ. ಅದಕ್ಕೆ ಲೇಟೆನ್ಸಿ, ಎಂದರೆ ವಿಳಂಬವೆಂದು ಹೆಸರು. ಕಾರ್ಡ್ ರಸ್ತೆ ಎಷ್ಟೇ ಅಗಲವಿರಲಿ, ಮುಂದೆ ಲಾರಿಗಳ ಸಾಲು ನಿಂತಿದ್ದರೆ ಹಿಂದಿನವನು ಕಾಯಲೇಬೇಕಷ್ಟೆ.

ವಿಳಂಬದ ಒಂದು ಭಾಗ ದೂರದಿಂದ ಬರುವಂಥದು. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ೨ ಲಕ್ಷ ಕಿಲೋಮೀಟರು ಸಾಗುತ್ತದೆ. ಸುಮಾರು ೧೪ ಸಾವಿರ ಕಿಲೋಮೀಟರು ದೂರದ ಕ್ಯಾಲಿಫೋರ್ನಿಯಕ್ಕೆ ಹೋಗಿಬರಲು ೧೪೦ ಮಿಲಿಸೆಕೆಂಡಾದರೂ ಬೇಕು. ಇದನ್ನು ಯಾವ ಹಣವೂ ಕುಗ್ಗಿಸಲಾರದು.

ಆದರೆ ಇನ್ನೊಂದು ಭಾಗ ಹುಟ್ಟುವುದು ಮನೆಯೊಳಗೇ. ಯಾರದೋ ಮೊಬೈಲು ಮದುವೆಯ ಫೋಟೋಗಳನ್ನೆಲ್ಲ ತಾನಾಗಿ ಹೊರಗೆ ಕಳುಹಿಸತೊಡಗಿತೆನ್ನಿ. ಹೊರದಾರಿ ಸೆಕೆಂಡಿಗೆ ೫ ಮೆಗಾಬಿಟ್ಟಿನದು. ಸಾಲಿನಲ್ಲಿ ನಿಂತದ್ದು ೧ ಮೆಗಾಬೈಟು, ಎಂದರೆ ೮ ಮೆಗಾಬಿಟ್ಟು. ಅದರ ಹಿಂದೆ ಬಂದ ಮಾತು ೧.೬ ಸೆಕೆಂಡು ಕಾಯಬೇಕಾಗುತ್ತದೆ. ಸಂಭಾಷಣೆಗೆ ಒಂದು ದಿಕ್ಕಿನಲ್ಲಿ ೧೫೦ ಮಿಲಿಸೆಕೆಂಡಿನೊಳಗಿನ ವಿಳಂಬ ಹಿತವೆಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು. ಇಲ್ಲಿ ಅದರ ಹತ್ತರಷ್ಟು ಮೀರಿತು! ೨೦೧೦ರಲ್ಲಿ ಅಮೆರಿಕದ ಜಿಮ್ ಗೆಟಿಸ್ ತಮ್ಮ ಮನೆಯಲ್ಲಿಯೇ ಈ ರೋಗವನ್ನು ಕಂಡು 'ಬಫರ್‌ಬ್ಲೋಟ್' ಎಂದು ಕರೆದರು. ೨೦೧೨ರಲ್ಲಿ ಕ್ಯಾತ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ ಸಾಲು ಬೆಳೆಯದಂತೆ ತಡೆಯುವ ಕ್ರಮವೊಂದನ್ನು ಪ್ರಕಟಿಸಿದರು.

ಮನೆಮದ್ದು

ಮೊದಲು ಪರೀಕ್ಷೆ. ಮನೆಯಲ್ಲಿ ಯಾರೂ ಬಳಸದಿರುವಾಗ ಒಮ್ಮೆ, ದೊಡ್ಡ ಕಡತವನ್ನು ಕಳುಹಿಸುತ್ತಿರುವಾಗ ಮತ್ತೊಮ್ಮೆ 'ಪಿಂಗ್' ಅಳೆಯಬೇಕು. ಎರಡನೆಯದು ಬಹಳ ಏರಿದರೆ ದೋಷ ಮನೆಯ ಸಾಲಿನದೆಂದು ತಿಳಿಯಬಹುದು. 'ಎಸ್‌ಕ್ಯೂಎಂ' ಸೌಲಭ್ಯವುಳ್ಳ ರೂಟರಿನಲ್ಲಿ ವೇಗದ ಮಿತಿಯನ್ನು ನಿಜವಾಗಿ ದೊರೆಯುವುದರ ನೂರಕ್ಕೆ ೮೫-೯೦ರಷ್ಟಕ್ಕೆ ಇಳಿಸಿದರೆ ಸಾಲು ಹತೋಟಿಗೆ ಬರುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಹಿರಿಯರ ಮಾತು ಇಲ್ಲಿಯೂ ಸಲ್ಲುತ್ತದೆ. ವೇಗ ಏರಿಳಿಯುವ ಸಂಪರ್ಕವಾದರೆ, ದಟ್ಟಣೆಯ ಸಂಜೆ ದೊರೆಯುವ ವೇಗವನ್ನೇ ಆಧಾರವಾಗಿ ಹಿಡಿಯುವುದು ಕ್ಷೇಮ. ಅಂಥ ರೂಟರಿಲ್ಲದವರು ಫೋಟೋ ರವಾನೆಯನ್ನು ರಾತ್ರಿಗೆ ಮುಂದೂಡಿದರೂ ಗುಣ ಕಾಣುವುದು.

ಮಹತ್ವದ ಕರೆಗೆ ವೈಫೈಗಿಂತ ತಂತಿ ಮೇಲು. ತಂತಿ ಸಾಧ್ಯವಿಲ್ಲದಿದ್ದರೆ ರೂಟರಿರುವ ಕೋಣೆಯಲ್ಲೇ ಕುಳಿತು ೫ ಗಿಗಾಹರ್ಟ್ಸ್ ಪಟ್ಟಿಯನ್ನು ಬಳಸಬೇಕು, ೨.೪ರ ಪಟ್ಟಿಯಲ್ಲಿ ನೆರೆಮನೆಗಳ ಗದ್ದಲದೊಡನೆ ಮೈಕ್ರೋವೇವ್ ಒಲೆಯ ಕಾಟವೂ ಸೇರುತ್ತದೆ.

ಇನ್ನು ಸಂಪರ್ಕವೇ ಕಡಿದುಹೋಗುವ ಸಂದರ್ಭಗಳುಂಟು. ಮರದಿಂದ ಮರಕ್ಕೆ, ಕಂಬದಿಂದ ಕಂಬಕ್ಕೆ ತೂಗುವ ಕೇಬಲ್ಲಿಗೆ ಒಂದು ಕೊಂಬೆ ಬಿದ್ದರೂ ಸಾಕು. ಕರೆಂಟು ಹೋದಾಗ ರೂಟರಿನೊಡನೆ ಫೈಬರಿನ ಪೆಟ್ಟಿಗೆಗೂ ಬ್ಯಾಟರಿಯ ಆಸರೆ ಬೇಕು. ಒಂದಕ್ಕೆ ಕೊಟ್ಟು ಇನ್ನೊಂದನ್ನು ಮರೆತರೆ ಪ್ರಯೋಜನವಿಲ್ಲ. ಮೊಬೈಲಿನ ಹಾಟ್‌ಸ್ಪಾಟನ್ನೂ ಮೊದಲೇ ಪರೀಕ್ಷಿಸಿ ಸಿದ್ಧವಾಗಿಟ್ಟುಕೊಳ್ಳುವುದು ಜಾಣತನ.

ಆದುದರಿಂದ ಹೆಚ್ಚಿನ ವೇಗಕ್ಕೆ ಹಣ ತೆರುವ ಮುನ್ನ ಒಂದು ಸಂಜೆ ಅಳೆದು ನೋಡುವುದು ಲೇಸು. ದೋಷ ಮನೆಯದಾದರೆ ತಿಂಗಳ ಖರ್ಚು ಉಳಿಯಿತು. ಹೊರಗಿನದಾದರೆ ಸಂಪರ್ಕ ಕೊಟ್ಟವರ ಮುಂದಿಡಲು ದಿನಾಂಕ ಸಹಿತವಾದ ಲೆಕ್ಕ ಕೈಯಲ್ಲಿರುತ್ತದೆ.