ಮೊದಲ ದೋಣಿ, ಹಳೆಯ ದೋಣಿ: ಕೊಳ್ಳುವ ಮುನ್ನ ನೋಡಬೇಕಾದುದೇನು?

ದೋಣಿ ಎಂದೊಡನೆ ನಮ್ಮಲ್ಲಿ ಹೆಚ್ಚಿನವರ ಕಣ್ಣ ಮುಂದೆ ನಿಲ್ಲುವುದು ಹೊಳೆ ದಾಟಿಸುವ ಅಂಬಿಗ, ಇಲ್ಲವೇ ಮಲ್ಪೆ, ಗಂಗೊಳ್ಳಿಗಳ ಬಂದರಿನಲ್ಲಿ ಸಾಲಾಗಿ ನಿಂತ ಮೀನುಗಾರಿಕೆಯ ದೋಣಿಗಳು. ನಮಗೆ ದೋಣಿ ದುಡಿಮೆಯ ಸಾಧನ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಮನೆಯ ಮುಂದೆ ಕಾರಿನ ಪಕ್ಕದಲ್ಲಿ, ಎರಡು ಗಾಲಿಯ ಟ್ರೇಲರಿನ ಮೇಲೆ ಒಂದು ಮೋಟಾರು ದೋಣಿಯೂ ನಿಂತಿರುವುದು ಅಪರೂಪದ ನೋಟವಲ್ಲ. ಆ ದೇಶದಲ್ಲಿ ನೋಂದಣಿಯಾಗಿರುವ ವಿಹಾರ ದೋಣಿಗಳ ಸಂಖ್ಯೆ 1 ಕೋಟಿ 10 ಲಕ್ಷಕ್ಕೂ ಹೆಚ್ಚು. ಮಿನೆಸೋಟ ಎಂಬ ಒಂದೇ ರಾಜ್ಯದಲ್ಲಿ 10 ಎಕರೆಗಿಂತ ದೊಡ್ಡದಾದ ಸರೋವರಗಳು 11,842 ಇವೆ ಎಂದರೆ, ಅಲ್ಲಿಯ ಜನ ಬೇಸಿಗೆಯ ರಜೆಯನ್ನು ಎಲ್ಲಿ ಕಳೆಯುತ್ತಾರೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೊಸ ದೋಣಿಯ ಬೆಲೆ ಅಲ್ಲಿನ ಮಧ್ಯಮ ವರ್ಗದ ಸಂಸಾರಕ್ಕೂ ಭಾರವೇ. ಆದುದರಿಂದ ಮೊದಲ ಬಾರಿಗೆ ದೋಣಿ ಕೊಳ್ಳುವವರಲ್ಲಿ ಅನೇಕರು ಇಪ್ಪತ್ತು, ಮೂವತ್ತು ವರ್ಷ ಹಳೆಯದಾದ, 16ರಿಂದ 20 ಅಡಿ ಉದ್ದದ ಪೆಟ್ರೋಲ್ ದೋಣಿಯೊಂದನ್ನು ಹುಡುಕುತ್ತಾರೆ. ಅಲ್ಲಿ ನೆಲೆಸಿರುವ ನಿಮ್ಮ ಬಂಧುಗಳಲ್ಲಿ ಯಾರಾದರೂ ಇಂಥ ಲೆಕ್ಕಾಚಾರದಲ್ಲಿ ತೊಡಗಿದ್ದರೆ ಆಶ್ಚರ್ಯವಿಲ್ಲ. ಈ ವ್ಯಾಪಾರದಲ್ಲಿ ಎಡವಿದರೆ ಹೋಗುವುದು ಹಣವಷ್ಟೇ ಅಲ್ಲ. ಕೆಟ್ಟ ಸ್ಕೂಟರನ್ನು ರಸ್ತೆಯ ಬದಿಗೆ ನಿಲ್ಲಿಸಬಹುದು. ಸರೋವರದ ನಡುವೆ ಕೆಟ್ಟ ದೋಣಿಗೆ ಬದಿ ಎಂಬುದೇ ಇಲ್ಲ, ಒಳಗೆ ಮಕ್ಕಳೂ ಇರುತ್ತಾರೆ. ಹಳೆಯ ದೋಣಿಯನ್ನು ಪರೀಕ್ಷಿಸುವ ಬಗೆ ಹೇಗೆ, ಆ ಪರೀಕ್ಷೆಯ ಹಿಂದಿರುವ ವಿಜ್ಞಾನವೇನು ಎಂಬುದನ್ನು ಇಲ್ಲಿ ನೋಡೋಣ. ನೀವು ತರಗತಿಯಲ್ಲಿ ಓದಿದ ಕೆಲವು ಪಾಠಗಳು ದಾರಿಯಲ್ಲಿ ಎದುರಾಗುತ್ತವೆ.

ಮೊದಲು ಒಂದು ಪ್ರಶ್ನೆ. ಮೂವತ್ತು ವರ್ಷದ ಕಾರನ್ನು ಗುಜರಿಯವನು ತೂಕಕ್ಕೆ ಕೊಳ್ಳುತ್ತಾನೆ. ಅಷ್ಟೇ ವಯಸ್ಸಿನ ದೋಣಿಗೆ ಗಿರಾಕಿಗಳಿರುವುದು ಹೇಗೆ? ಉತ್ತರ ಅದನ್ನು ಮಾಡಿದ ವಸ್ತುವಿನಲ್ಲಿದೆ. 1950ರ ದಶಕದಿಂದೀಚೆಗೆ ವಿಹಾರ ದೋಣಿಗಳ ಒಡಲನ್ನು ಹೆಚ್ಚಾಗಿ ಫೈಬರ್‌ಗ್ಲಾಸಿನಿಂದ ಮಾಡುತ್ತಾ ಬಂದಿದ್ದಾರೆ. ಗಾಜಿನ ನಾರಿನ ಬಟ್ಟೆಯನ್ನು ಅಚ್ಚಿನಲ್ಲಿ ಪದರ ಪದರವಾಗಿ ಹಾಸಿ, ಪ್ರತಿ ಪದರಕ್ಕೂ ಪಾಲಿಯೆಸ್ಟರ್ ರಾಳವನ್ನು ಉಣಿಸಿ ಗಟ್ಟಿಯಾಗಲು ಬಿಡುತ್ತಾರೆ. ಇದಕ್ಕೆ ಕಬ್ಬಿಣದಂತೆ ತುಕ್ಕು ಹಿಡಿಯುವುದಿಲ್ಲ, ಮರದಂತೆ ಗೆದ್ದಲು ಹತ್ತುವುದಿಲ್ಲ. ಹೊರಗಿನ ಹೊಳಪು ಬಿಸಿಲಿಗೆ ಮಾಸಿದರೆ ಉಜ್ಜಿ ಮತ್ತೆ ತರಬಹುದು. ಹೀಗಾಗಿ ಮೂವತ್ತು ವರ್ಷದ ದೋಣಿಯೂ ಒಂದು ಮಧ್ಯಾಹ್ನದ ಕೆಲಸದಿಂದ ಮದುವಣಗಿತ್ತಿಯಂತೆ ಕಾಣುತ್ತದೆ. ಕೊಳ್ಳುವವನಿಗೆ ಇದೇ ಮೊದಲ ಅಪಾಯ. ನೀರೊಳಗಿನ ಎಮ್ಮೆಗೆ ದಡದ ಮೇಲೆ ನಿಂತು ಬೆಲೆ ಕಟ್ಟಬಾರದು ಎಂದು ನಮ್ಮ ಹಳ್ಳಿಯ ಹಿರಿಯರು ಹೇಳುತ್ತಾರಲ್ಲ, ಆ ಮಾತು ದೋಣಿಗೆ ಅಕ್ಷರಶಃ ಒಪ್ಪುತ್ತದೆ.

ಏಕೆಂದರೆ ಹಳೆಯ ಫೈಬರ್‌ಗ್ಲಾಸ್ ದೋಣಿಗಳು ಬಹುಮಟ್ಟಿಗೆ ಬರೀ ಫೈಬರ್‌ಗ್ಲಾಸ್ ಅಲ್ಲ. ತೆಳುವಾದ ಒಡಲು ಬಾಗದಂತೆ ತಳದ ಉದ್ದಕ್ಕೂ ತೊಲೆಗಳಿರುತ್ತವೆ. ಇವಕ್ಕೆ ಸ್ಟ್ರಿಂಗರ್ ಎಂದು ಹೆಸರು. ದೋಣಿಯ ಹಿಂಬದಿಯಲ್ಲಿ ನೆಟ್ಟಗೆ ನಿಲ್ಲುವ ಚಪ್ಪಟೆ ಗೋಡೆಗೆ ಟ್ರಾನ್ಸಂ ಎನ್ನುತ್ತಾರೆ. ಎಂಜಿನ್ನಿನ ಭಾರವನ್ನೂ ನೂಕುವ ಬಲವನ್ನೂ ಹೊರುವುದು ಇದೇ. ಹಳೆಯ ದೋಣಿಗಳಲ್ಲಿ ಇವೆರಡರ ತಿರುಳು ಸಾಮಾನ್ಯವಾಗಿ ಮರ ಅಥವಾ ಪ್ಲೈವುಡ್, ಮೇಲೆ ಮಾತ್ರ ಫೈಬರ್‌ಗ್ಲಾಸಿನ ಹೊದಿಕೆ. ಹೊದಿಕೆ ಇಡಿಯಾಗಿರುವವರೆಗೆ ಚಿಂತೆಯಿಲ್ಲ. ಆದರೆ ಹಿಂದಿನ ಯಜಮಾನ ಮೀನನ್ನು ಪತ್ತೆಹಚ್ಚುವ ಉಪಕರಣಕ್ಕೆಂದೋ, ಏಣಿಗೆಂದೋ ನಾಲ್ಕು ಸ್ಕ್ರೂ ಹೊಡೆದು, ಆ ತೂತುಗಳಿಗೆ ಸರಿಯಾಗಿ ಮೇಣ ತುಂಬದೆ ಬಿಟ್ಟರೆ ನೀರು ಒಳಗೆ ಇಳಿಯುತ್ತದೆ. ಒಳಗೆ ಹೋದ ನೀರಿಗೆ ಹೊರಗೆ ಬರುವ ದಾರಿಯಿಲ್ಲ. ತೇವ, ಉಷ್ಣ ಮತ್ತು ಸ್ವಲ್ಪ ಗಾಳಿ ಇದ್ದರೆ ಶಿಲೀಂಧ್ರಕ್ಕೆ ಇನ್ನೇನು ಬೇಕು? ಹತ್ತು ವರ್ಷದಲ್ಲಿ ಆ ಮರ ನೆನೆದ ರಸ್ಕಿನಂತಾಗುತ್ತದೆ. ಹೊರಗಿನಿಂದ ನೋಡಿದರೆ ಗೋಡೆ ಬೆಳ್ಳಗೆ ಹೊಳೆಯುತ್ತಲೇ ಇರುತ್ತದೆ.

ಇದನ್ನು ಕಂಡುಹಿಡಿಯಲು ದುಬಾರಿ ಯಂತ್ರ ಬೇಕಿಲ್ಲ. ಸಂತೆಯಲ್ಲಿ ಮಡಕೆ ಕೊಳ್ಳುವಾಗ ಅಜ್ಜಿ ಏನು ಮಾಡುತ್ತಾಳೆ ಎಂಬುದನ್ನು ನೆನಪಿಸಿಕೊಳ್ಳಿ. ಬೆರಳ ಗೆಣ್ಣಿನಿಂದ ಬಾರಿಸಿ ಕಿವಿಗೊಡುತ್ತಾಳೆ. ಪ್ಲಾಸ್ಟಿಕ್ ಸುತ್ತಿಗೆಯಿಂದ ಅಥವಾ ಸ್ಕ್ರೂಡ್ರೈವರಿನ ಹಿಡಿಯಿಂದ ಟ್ರಾನ್ಸಮ್ಮನ್ನು ಅಂಗುಲ ಅಂಗುಲವಾಗಿ ತಟ್ಟುತ್ತಾ ಹೋದರೆ, ಗಟ್ಟಿ ಮರವಿರುವ ಕಡೆ ಚುರುಕಾದ ಸದ್ದು ಬರುತ್ತದೆ. ಕೊಳೆತ ಕಡೆ ಸದ್ದು ಮಂಕಾಗಿ, ಮೊದ್ದಾಗಿ ಕೇಳುತ್ತದೆ. ಹೊರಗೆ ತೂಗುವ ಎಂಜಿನ್ ಆದರೆ ಅದನ್ನು ಮೇಲಕ್ಕೆ ಬಾಗಿಸಿ, ಕೆಳತುದಿಯನ್ನು ಕೈಯಿಂದ ಒತ್ತಿ ನೋಡಬೇಕು. ಎಂಜಿನ್ನಿನ ಜೊತೆಗೆ ಹಿಂಬದಿಯ ಗೋಡೆಯೂ ಮಿಸುಕಿದರೆ ಅಲ್ಲಿಗೆ ಮಾತು ಮುಗಿಯಿತು. ದೋಣಿಯೊಳಗೆ ಬರಿಗಾಲಿನಲ್ಲಿ ನಡೆದು, ನೆಲ ಎಲ್ಲಿಯಾದರೂ ಹಾಸಿಗೆಯಂತೆ ಕುಸಿಯುತ್ತದೆಯೇ ಎಂದು ನೋಡುವುದೂ ಒಳ್ಳೆಯ ಪರೀಕ್ಷೆ. ಟ್ರಾನ್ಸಂ ಮತ್ತು ತೊಲೆಗಳನ್ನು ಬಿಚ್ಚಿ ಹೊಸದಾಗಿ ಕಟ್ಟಿಸುವ ಖರ್ಚು ಎಷ್ಟೋ ಸಲ ದೋಣಿಯ ಬೆಲೆಯನ್ನೇ ಮೀರುತ್ತದೆ. ಎಂಜಿನ್ನನ್ನು ಬದಲಿಸಬಹುದು, ಸೀಟನ್ನು ಹೊಲಿಸಬಹುದು, ಬಣ್ಣ ಬಳಿಯಬಹುದು. ಕೊಳೆತ ಒಡಲಿನ ದೋಣಿಯನ್ನು ಮಾತ್ರ ಮೊದಲ ಬಾರಿಗೆ ಕೊಳ್ಳುವ ಸಂಸಾರ ಪುಕ್ಕಟೆ ಕೊಟ್ಟರೂ ಮನೆಗೆ ತರಬಾರದು ಎಂಬುದು ನನ್ನ ಅಭಿಪ್ರಾಯ.

ಇನ್ನು ಎಂಜಿನ್. ನಮ್ಮ ಕರಾವಳಿಯ ನಾಡದೋಣಿಗಳ ಹಿಂದೆ ತೂಗುವ ಎಂಜಿನ್ನನ್ನು ನೀವು ನೋಡಿರಬಹುದು. ಅದು ಔಟ್‌ಬೋರ್ಡ್. ಕಾರಿನ ಮಾದರಿಯ ಎಂಜಿನ್ನನ್ನು ದೋಣಿಯೊಳಗೆ ಕೂರಿಸಿ, ಟ್ರಾನ್ಸಮ್ಮಿನಲ್ಲಿ ದೊಡ್ಡ ರಂಧ್ರ ಕೊರೆದು, ಹೊರಗೆ ತಿರುಗುವ ಕಾಲೊಂದನ್ನು ಜೋಡಿಸುವುದು ಇನ್ನೊಂದು ಬಗೆ. ಸ್ಟರ್ನ್‌ಡ್ರೈವ್ ಎಂಬ ಈ ಏರ್ಪಾಡನ್ನು ಸ್ವೀಡನ್ನಿನ ವೋಲ್ವೋ ಪೆಂಟಾ ಕಂಪನಿ 1959ರಲ್ಲಿ ನ್ಯೂಯಾರ್ಕಿನ ದೋಣಿ ಪ್ರದರ್ಶನದಲ್ಲಿ ತೋರಿಸಿದ ಮೇಲೆ ಅದು ಬಹಳ ಜನಪ್ರಿಯವಾಯಿತು. ಆ ರಂಧ್ರದ ಮೂಲಕ ನೀರು ನುಗ್ಗದಂತೆ ತಡೆಯುವುದು ಹಾರ್ಮೋನಿಯಮ್ಮಿನ ತಿದಿಯಂತೆ ಮಡಿಕೆ ಮಡಿಕೆಯಾದ ರಬ್ಬರಿನ ಕೊಳವೆಗಳು. ರಬ್ಬರು ಬಿರಿದರೆ ಕಟ್ಟೆಗೆ ಕಟ್ಟಿದ ದೋಣಿ ರಾತ್ರೋರಾತ್ರಿ ಮುಳುಗಬಹುದು. ಇದನ್ನು ಕಡೆಯ ಬಾರಿ ಬದಲಿಸಿದ್ದು ಯಾವಾಗ ಎಂದು ಕೇಳಿದಾಗ ಮಾರುವವನು ರಸೀದಿ ತೆಗೆದು ತೋರಿಸಿದರೆ, ಆತ ಉಳಿದುದನ್ನೂ ಜೋಪಾನ ಮಾಡಿದ್ದಾನೆಂದು ನಂಬಲು ಕಾರಣವಿದೆ.

ಚಳಿಪ್ರದೇಶದ ದೋಣಿಗೆ ಮತ್ತೊಂದು ಗಂಡಾಂತರವಿದೆ. ನೀರು ಹೆಪ್ಪುಗಟ್ಟುವಾಗ ಅದರ ಗಾತ್ರ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ ಎಂಬುದನ್ನು ನೀವು ಓದಿದ್ದೀರಿ. ಅನೇಕ ದೋಣಿಗಳ ಎಂಜಿನ್ ಸರೋವರದ ನೀರನ್ನೇ ಹೀರಿ ತಣ್ಣಗಾಗುತ್ತದೆ. ಚಳಿಗಾಲಕ್ಕೆ ಮುನ್ನ ಆ ನೀರನ್ನು ಪೂರ್ತಿ ಬಸಿಯದಿದ್ದರೆ, ಒಳಗೆ ಕಟ್ಟಿದ ಮಂಜುಗಡ್ಡೆ ಎರಕದ ಕಬ್ಬಿಣವನ್ನೇ ಸೀಳುತ್ತದೆ. ಒಂದೇ ಒಂದು ವರ್ಷದ ಮರೆವು ಸಾಕು. ಎಂಜಿನ್ನಿನ ಪಕ್ಕೆಯಲ್ಲಿ ವೆಲ್ಡಿಂಗ್ ಗುರುತು, ಒಂದೇ ಕಡೆ ಬಳಿದ ಹೊಸ ಬಣ್ಣ ಇದೆಯೇ ಎಂದು ಟಾರ್ಚ್ ಹಿಡಿದು ನೋಡಬೇಕು. ಆಯಿಲ್ ನೋಡುವ ಕಡ್ಡಿಯನ್ನು ಎಳೆದಾಗ ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕಿದ್ದರೆ ಅದರಲ್ಲಿ ನೀರು ಬೆರೆತಿದೆ ಎಂದೇ ಅರ್ಥ. ಮೆಕಾನಿಕ್ಕಿನಿಂದ ಪ್ರತಿ ಸಿಲಿಂಡರಿನ ಒತ್ತಡವನ್ನು ಅಳೆಸಬೇಕು. ಅವುಗಳ ನಡುವೆ ಶೇಕಡಾ 10ಕ್ಕಿಂತ ಹೆಚ್ಚು ಅಂತರವಿದ್ದರೆ ಕಾರಣ ಕೇಳಬೇಕು. ನೀವು ಹೋಗುವ ಮೊದಲೇ ಎಂಜಿನ್ನನ್ನು ಬಿಸಿ ಮಾಡಿಡಬೇಡಿ ಎಂದು ಮಾರುವವನಿಗೆ ತಿಳಿಸಿರಬೇಕು. ತಣ್ಣಗಿರುವಾಗ ಹೊತ್ತಿಕೊಳ್ಳಲು ಹಟ ಮಾಡುವ ಎಂಜಿನ್, ಬಿಸಿಯಾದ ಮೇಲೆ ಸಾಧುವಿನಂತೆ ನಟಿಸುತ್ತದೆ.

ದೋಣಿ ಸಿಹಿನೀರಿನದೋ, ಸಮುದ್ರದ್ದೋ ಎಂಬುದೂ ಬೆಲೆಯನ್ನು ನಿರ್ಧರಿಸುತ್ತದೆ. ಉಪ್ಪುನೀರಿನಲ್ಲಿ ಬೇರೆ ಬೇರೆ ಲೋಹಗಳು ಒಂದಕ್ಕೊಂದು ತಾಗಿಕೊಂಡಿದ್ದರೆ ಅಲ್ಲೊಂದು ವಿದ್ಯುತ್ಕೋಶವೇ ಏರ್ಪಟ್ಟು, ಹೆಚ್ಚು ಕ್ರಿಯಾಶೀಲವಾದ ಲೋಹ ಕರಗುತ್ತದೆ. ಬ್ರಿಟಿಷ್ ನೌಕಾಪಡೆಯ ಹಡಗುಗಳ ತಾಮ್ರದ ಹೊದಿಕೆಯನ್ನು ಉಳಿಸಲು ಹಂಫ್ರಿ ಡೇವಿ 1824ರಲ್ಲಿ ಸೂಚಿಸಿದ ಉಪಾಯವೇ ಇಂದಿಗೂ ನಡೆದಿದೆ: ಸತುವಿನಂತಹ ಲೋಹದ ತುಂಡನ್ನು ಜೋಡಿಸಿ, ಬೇಕಾದ ಲೋಹದ ಬದಲು ಅದನ್ನು ಬಲಿ ಕೊಡುವುದು. ಈ ತುಂಡು ಅರ್ಧ ಸವೆದಿದ್ದರೆ ಗಾಬರಿ ಬೇಡ, ಅದರ ಕೆಲಸವೇ ಸವೆಯುವುದು. ಪೂರ್ತಿ ಕರಗಿಹೋಗಿ ಬರೀ ಬೋಲ್ಟು ಉಳಿದಿದ್ದರೆ ಅದರ ಸರದಿ ಮುಗಿದು ಎಂಜಿನ್ನಿನ ಸರದಿ ಶುರುವಾಗಿದೆ ಎಂದು ತಿಳಿಯಬೇಕು.

ಈಗ ಎಲ್ಲಕ್ಕಿಂತ ಮುಖ್ಯವಾದ ವಿಷಯ. ಪೆಟ್ರೋಲಿನ ಆವಿ ಗಾಳಿಗಿಂತ ಮೂರು, ನಾಲ್ಕು ಪಟ್ಟು ಭಾರ. ಕಾರಿನಲ್ಲಿ ಪೆಟ್ರೋಲ್ ತೊಟ್ಟಿಕ್ಕಿದರೆ ಆವಿ ಕೆಳಗಿನಿಂದ ಹರಿದು ಗಾಳಿಯಲ್ಲಿ ಚದುರಿಹೋಗುತ್ತದೆ, ಏಕೆಂದರೆ ಕಾರಿನ ತಳ ತೆರೆದಿರುತ್ತದೆ. ದೋಣಿ ಹಾಗಲ್ಲ, ಅದೊಂದು ಬಟ್ಟಲು. ನೀರು ಒಳಗೆ ಬಾರದಂತೆ ಕಟ್ಟಿದ ಬಟ್ಟಲಿನಿಂದ ಆವಿ ಹೊರಗೆ ಹೋಗುವುದಾದರೂ ಹೇಗೆ? ಬಿಲ್ಜ್ ಎಂದು ಕರೆಯುವ ತಳದ ಗುಂಡಿಯಲ್ಲಿ ಅದು ಶೇಖರವಾಗುತ್ತದೆ. ಗಾಳಿಯಲ್ಲಿ ಶೇಕಡಾ 1.4ರಷ್ಟು ಆವಿ ಬೆರೆತರೂ ಒಂದು ಕಿಡಿಗೆ ಅದು ಸಿಡಿಯಬಲ್ಲದು. ಈ ಕಾರಣದಿಂದಲೇ ಎಂಜಿನ್ ಒಳಗಿರುವ ಪೆಟ್ರೋಲ್ ದೋಣಿಗಳಲ್ಲಿ ಆವಿಯನ್ನು ಹೊರದೂಡುವ ಫ್ಯಾನನ್ನು ಇಟ್ಟು, ಕೀಲಿಕೈ ತಿರುಗಿಸುವ ಮೊದಲು ಅದನ್ನು ಕನಿಷ್ಠ 4 ನಿಮಿಷ ಓಡಿಸಬೇಕೆಂದು ಎಚ್ಚರಿಕೆಯ ಫಲಕ ಹಾಕಿರುತ್ತಾರೆ. ಫ್ಯಾನು ಓಡುತ್ತಿದೆಯೆಂದು ನಿಶ್ಚಿಂತರಾಗದೆ ಎಂಜಿನ್ನಿನ ಮುಚ್ಚಳ ತೆಗೆದು ಮೂಸಿ ನೋಡಬೇಕು. ಮೂಗಿಗೆ ಸಮನಾದ ಉಪಕರಣ ಇನ್ನೂ ಅಗ್ಗಕ್ಕೆ ಸಿಕ್ಕಿಲ್ಲ.

ಹಳೆಯ ದೋಣಿಯಲ್ಲಿ ಇಲ್ಲೊಂದು ಗುಪ್ತ ಬಲೆಯಿದೆ. ದೋಣಿಯ ಸ್ಟಾರ್ಟರ್, ಆಲ್ಟರ್ನೇಟರ್, ಕಾರ್ಬುರೇಟರ್‌ಗಳು ಕಾರಿನವುಗಳಂತೆಯೇ ಕಾಣುತ್ತವೆ, ಅಳತೆಯೂ ಕೂಡುತ್ತದೆ. ಆದರೆ ದೋಣಿಗೆಂದು ಮಾಡಿದವುಗಳಲ್ಲಿ ಕಿಡಿ ಹೊರಗೆ ಹಾರದಂತೆ, ಪೆಟ್ರೋಲ್ ಹೊರಗೆ ಚೆಲ್ಲದಂತೆ ವಿಶೇಷ ರಕ್ಷಣೆ ಇರುತ್ತದೆ, ಬೆಲೆಯೂ ಹೆಚ್ಚಿರುತ್ತದೆ. ಹಿಂದಿನ ಯಜಮಾನರಲ್ಲಿ ಯಾರೋ ಒಬ್ಬರು ಹಣ ಉಳಿಸಲು ಕಾರಿನ ಬಿಡಿಭಾಗವನ್ನೇ ಹಾಕಿಸಿದ್ದರೆ ಎಂಜಿನ್ ಏನೂ ದೂರು ಹೇಳದೆ ಓಡುತ್ತದೆ. ಬಿಲ್ಜಿನಲ್ಲಿ ಆವಿ ತುಂಬಿದ ದಿನ ಮಾತ್ರ ಅದು ಗೊತ್ತಾಗುತ್ತದೆ. ಪೆಟ್ರೋಲಿನ ರಬ್ಬರ್ ಕೊಳವೆಗಳು ಮೆತ್ತಗಾಗಿದ್ದರೆ ಅಥವಾ ಬಿರುಕು ಬಿಟ್ಟಿದ್ದರೆ ಚೌಕಾಶಿ ಮಾಡುತ್ತಾ ಕೂರದೆ ಎಲ್ಲವನ್ನೂ ಬದಲಿಸಲೇಬೇಕು. ಪೆಟ್ರೋಲಿಗೆ ಎಥನಾಲ್ ಬೆರೆಸುವ ಪದ್ಧತಿ ಬಂದ ಮೇಲೆ ಹಳೆಯ ಕೊಳವೆಗಳ ಆಯುಷ್ಯ ಇನ್ನೂ ಕುಗ್ಗಿದೆ.

ದೋಣಿಯಲ್ಲಿ ಎಷ್ಟು ಜನ ಕೂರಬಹುದು? ಸೀಟುಗಳನ್ನು ಎಣಿಸಿ ಹೇಳುವುದು ತಪ್ಪು. 1972ರ ನವೆಂಬರ್ ನಂತರ ತಯಾರಾದ, 20 ಅಡಿಗಿಂತ ಚಿಕ್ಕದಾದ ಸಾಮಾನ್ಯ ಮೋಟಾರು ದೋಣಿಗಳಿಗೆ ಅಮೆರಿಕದ ಕಾನೂನಿನಂತೆ ಒಂದು ಫಲಕವಿರಬೇಕು. ಎಷ್ಟು ಜನ, ಎಷ್ಟು ತೂಕ ಎಂಬುದು ಅದರಲ್ಲಿರುತ್ತದೆ. ಫಲಕವಿಲ್ಲದಿದ್ದರೆ ಒಂದು ಸ್ಥೂಲ ಲೆಕ್ಕವಿದೆ: ಉದ್ದ ಮತ್ತು ಅಗಲವನ್ನು ಅಡಿಗಳಲ್ಲಿ ಗುಣಿಸಿ 15ರಿಂದ ಭಾಗಿಸಿ. 18 ಅಡಿ ಉದ್ದ, 7 ಅಡಿ ಅಗಲದ ದೋಣಿಗೆ 8 ಜನ, ಅದೂ ಹವೆ ಶಾಂತವಾಗಿದ್ದಾಗ. ಪ್ರತಿಯೊಬ್ಬರಿಗೂ ಒಂದು ಜೀವರಕ್ಷಕ ಅಂಗಿ ಇರಲೇಬೇಕು, ಮಕ್ಕಳದು ಮಕ್ಕಳ ಅಳತೆಯದೇ ಆಗಿರಬೇಕು. 2023ರಲ್ಲಿ ಆ ದೇಶದ ವಿಹಾರ ದೋಣಿಗಳ ಅಪಘಾತಗಳಲ್ಲಿ 564 ಜನ ಸತ್ತರು. ಸಾವಿನ ಕಾರಣ ತಿಳಿದವರಲ್ಲಿ ನಾಲ್ವರಿಗೆ ಮೂವರು ಮುಳುಗಿ ಸತ್ತವರು. ಹೀಗೆ ಮುಳುಗಿದವರಲ್ಲಿ ಶೇಕಡಾ 87ರಷ್ಟು ಮಂದಿ ಆ ಅಂಗಿಯನ್ನು ತೊಟ್ಟಿರಲಿಲ್ಲ. ಹಳೆಯ ದೋಣಿಯ ಜೊತೆ ಬಿಟ್ಟಿಯಾಗಿ ಬರುವ ಮಾಸಲು ಅಂಗಿಗಳನ್ನು ನಂಬದೆ ಹೊಸದನ್ನೇ ಕೊಳ್ಳಬೇಕು.

ಕಾಗದಪತ್ರದ ವಿಷಯ ಸರಳ. ಹಿಂಬದಿಯ ಬಲಮೇಲ್ಭಾಗದಲ್ಲಿ ಕೆತ್ತಿರುವ 12 ಅಕ್ಷರ ಮತ್ತು ಅಂಕಿಗಳ ಗುರುತು ದಾಖಲೆಯೊಂದಿಗೆ ಹೊಂದಬೇಕು. ಹೊಂದದಿದ್ದರೆ ವ್ಯಾಪಾರ ಬೇಡ. ಅಡಿಯ ಲೆಕ್ಕದಲ್ಲಿ ಶುಲ್ಕ ಪಡೆದು ದೋಣಿಯನ್ನು ಪರೀಕ್ಷಿಸುವ ಸರ್ವೇಯರುಗಳಿದ್ದಾರೆ. ಅವರನ್ನು ಕೊಳ್ಳುವವರೇ ಆರಿಸಬೇಕು, ಮಾರುವವರು ಸೂಚಿಸಿದವರಾಗಬಾರದು. ಬಳಿಕ ನೀರಿಗಿಳಿಸಿ ಓಡಿಸಿ ನೋಡಬೇಕು. ಆಗ ಮನೆಯ ಎಲ್ಲರೂ ಕೂತಿರುವುದು ಲೇಸು. ಒಬ್ಬನೇ ಕೂತಾಗ ಚಿಮ್ಮಿ ಓಡುವ ದೋಣಿ ಆರು ಜನ ಕೂತಾಗ ಮೂತಿ ಮೇಲೆತ್ತಿ ಏದುಸಿರು ಬಿಡಬಹುದು.

ದೋಣಿಗೆ ಕೊಟ್ಟ ಹಣ ಮೊದಲ ಕಂತು ಮಾತ್ರ. 'ಬೋಟ್' ಎಂಬ ಪದದ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ಬಿಡಿಸಿ 'ಇನ್ನೊಂದು ಸಾವಿರ ಹೊರಗೆ ತೆಗೆ' ಎಂದು ಅರ್ಥ ಹೇಳುವ ತಮಾಷೆ ಅಮೆರಿಕದಲ್ಲಿದೆ. ವಿಮೆ, ಚಳಿಗಾಲದ ತಂಗುದಾಣ, ಟ್ರೇಲರಿನ ಬೇರಿಂಗ್ ಮತ್ತು ಟೈರು ಇವೆಲ್ಲ ಸೇರುತ್ತವೆ. ಕೈಯಲ್ಲಿರುವ ಹಣವನ್ನೆಲ್ಲ ದೋಣಿಯ ಬೆಲೆಗೇ ಸುರಿಯದೆ, ಮೊದಲ ವರ್ಷದ ರಿಪೇರಿಗೆಂದು ಒಂದು ಪಾಲನ್ನು ಎತ್ತಿಡುವ ಸಂಸಾರ ಎರಡನೆಯ ಬೇಸಿಗೆಯಲ್ಲಿಯೂ ಸರೋವರದ ಮೇಲೆ ಕಾಣಿಸುತ್ತದೆ.

ಕೊನೆಗೆ ಒಂದು ಚಿಕ್ಕ ವಸ್ತುವಿನ ಮಾತು. ದೋಣಿಯ ಹಿಂಬದಿಯ ತಳದಲ್ಲಿ, ಒಳಗೆ ಸೇರಿದ ನೀರನ್ನು ದಡದ ಮೇಲೆ ಬಸಿಯಲು ಹೆಬ್ಬೆರಳು ಗಾತ್ರದ ಒಂದು ರಂಧ್ರವಿರುತ್ತದೆ, ಅದಕ್ಕೊಂದು ಬಿರಡೆ. ಮನೆಯಲ್ಲಿ ನಿಂತಿರುವಾಗ ಬಿರಡೆ ತೆಗೆದಿರಬೇಕು, ನೀರಿಗಿಳಿಯುವಾಗ ಹಾಕಿರಬೇಕು. ಮೊದಲ ದಿನದ ಸಡಗರದಲ್ಲಿ ಬುತ್ತಿ, ಕೊಡೆ, ಕ್ಯಾಮೆರಾ ಎಲ್ಲವನ್ನೂ ನೆನಪಿಟ್ಟು ಇದೊಂದನ್ನು ಮರೆತು ದೋಣಿ ಇಳಿಸುವವರು ಪ್ರತಿ ಬೇಸಿಗೆಯಲ್ಲಿಯೂ ಇರುತ್ತಾರೆ. ಅನುಭವಸ್ಥರು ಆ ಬಿರಡೆಯನ್ನು ಎಂಜಿನ್ನಿನ ಕೀಲಿಕೈಗೇ ದಾರ ಹಾಕಿ ಕಟ್ಟಿಡುತ್ತಾರೆ.