ಪರದೇಶದ ಕಾಯದೆಯನ್ನು ಅರಿಯುವ ಬಗೆ

ಚಚಡಿಯಂಥ ಊರುಗಳ ಕನ್ಯೆಯರು ಲಗ್ನವಾಗಿ ಪರದೇಶಕ್ಕೆ ತೆರಳುವ ಈ ಕಾಲದಲ್ಲಿ ಅಲ್ಲಿಯ ಕಾಯದೆಯನ್ನು ಮೊದಲೇ ಅರಿಯುವದು ಅವಶ್ಯವು. ಅಂತರ್ಜಾಲದಲ್ಲಿ ಕಂಡದ್ದೆಲ್ಲ ಪ್ರಮಾಣವಲ್ಲ. ಆಯಾ ಸರಕಾರವು ಪ್ರಕಟಿಸಿದ ಮೂಲಪಾಠವನ್ನೇ ನೋಡತಕ್ಕದ್ದು. ಬ್ರಿಟನ್ನಿನ ಕಾಯದೆಗಳು ಅಲ್ಲಿಯ ಸರಕಾರದ ‘ಲೆಜಿಸ್ಲೇಶನ್’ ಜಾಲತಾಣದಲ್ಲಿ ದೊರೆಯುತ್ತವೆ. ತಿದ್ದುಪಡಿಗಳೆಲ್ಲ ಸೇರಿವೆಯೋ ಇಲ್ಲವೋ ಎಂಬುದನ್ನೂ ಅಲ್ಲಿಯೇ ಸೂಚಿಸಿರುತ್ತಾರೆ. ಯಾವ ಒಡಂಬಡಿಕೆಗೆ ಯಾವ ದೇಶಗಳು ಸೇರಿವೆಯೆಂಬ ಪಟ್ಟಿಯು ಹೇಗ್ ನಗರದ ಖಾಸಗಿ ಅಂತರರಾಷ್ಟ್ರೀಯ ಕಾನೂನು ಸಮ್ಮೇಳನದ ತಾಣದಲ್ಲುಂಟು. ‘ಅಪೊಸ್ಟಿಲ್’ ಮುದ್ರೆಯಿಂದ ದಸ್ತಾವೇಜುಗಳನ್ನು ದೃಢೀಕರಿಸುವ 1961ರ ಒಡಂಬಡಿಕೆಯು ಭಾರತಕ್ಕೆ 2005ರಿಂದ ಅನ್ವಯಿಸುತ್ತದೆ. ಆದರೆ ತಂದೆತಾಯಿಗಳಲ್ಲೊಬ್ಬರು ಅಕ್ರಮವಾಗಿ ಗಡಿ ದಾಟಿಸಿದ ಮಕ್ಕಳನ್ನು ಮರಳಿಸುವ 1980ರ ಒಡಂಬಡಿಕೆಗೆ ಭಾರತವು ಸೇರಿಲ್ಲ. ಒಂದನ್ನು ಕಂಡು ಇನ್ನೊಂದನ್ನು ಊಹಿಸಿದ ತಾಯಿಯು ಸಂಕಟಕ್ಕೀಡಾಗುವಳು. ಆದಕಾರಣ ಪ್ರಿಯ ಪೂರ್ವವಿದ್ಯಾರ್ಥಿನಿಯರೇ, ಮೂಲವನ್ನು ಓದಿ, ತಾರೀಖನ್ನು ನೋಡಿ, ಬಳಿಕ ವಕೀಲರನ್ನು ಕೇಳಿರೆಂದು ನಾವು ಬೇಡಿಕೊಳ್ಳುತ್ತೇವೆ.