ಶಾಖವೂ ಜೀವಸತ್ವವೂ: ಏಡ್ಸ್ ಚಿಕಿತ್ಸೆಯ ವಿಚಾರ

ಉಷ್ಣವನ್ನು ಉಷ್ಣದಿಂದಲೇ ಶಮನಗೊಳಿಸಬೇಕೆಂಬ ಮಾತು ನಮ್ಮ ಮನೆಗಳಲ್ಲಿ ಹಳೆಯದು. ಪಾಶ್ಚಾತ್ಯ ವೈದ್ಯರೂ ಇದನ್ನು ಹೋಲುವ ಮಾರ್ಗವನ್ನು ಹಿಡಿದುದುಂಟು. ಸಿಫಿಲಿಸ್ ರೋಗವು ಮಿದುಳಿಗೇರಿ ಬುದ್ಧಿಭ್ರಮೆ ಹೊಂದಿದವರಿಗೆ, ವಿಯೆನ್ನಾ ನಗರದ ವಾಗ್ನರ್-ಯೌರೆಗ್ ಎಂಬ ಪಂಡಿತರು 1917ರಲ್ಲಿ ಬೇಕೆಂದೇ ಮಲೇರಿಯಾ ಜ್ವರವನ್ನು ಬರಿಸಿದರು. ಕೆಲವರು ಚೇತರಿಸಿಕೊಂಡರು, 1927ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ದೊರೆಯಿತು.

1981ರಲ್ಲಿ ಅಮೆರಿಕೆಯ ವೈದ್ಯರು ಏಡ್ಸ್ ರೋಗವನ್ನು ಮೊದಲು ಗುರುತಿಸಿದರು. ಅದಕ್ಕೆ ಕಾರಣವಾದ ವೈರಾಣುವು 1983ರಲ್ಲಿ ಪ್ಯಾರಿಸಿನ ಪಾಸ್ತರ್ ಸಂಸ್ಥೆಯಲ್ಲಿ ಪತ್ತೆಯಾಯಿತು. ಗುಣಪಡಿಸುವ ಔಷಧವಿಲ್ಲದೆ ಕಂಗೆಟ್ಟಿದ್ದ ಕಾಲದಲ್ಲಿ ಕೆಲವರು ಶಾಖದ ಹಳೆಯ ದಾರಿಯನ್ನು ನೆನೆದುದು ಸಹಜವೇ. 1990ರಲ್ಲಿ ಅಟ್ಲಾಂಟಾ ನಗರದ ಇಬ್ಬರು ವೈದ್ಯರು ರೋಗಿಯ ರಕ್ತವನ್ನು ಹೊರಕ್ಕೆ ಹರಿಯಿಸಿ, ಕಾಯಿಸಿ, ಮರಳಿ ಮೈಗೆ ಬಿಟ್ಟು, ದೇಹದ ಉಷ್ಣತೆಯನ್ನು ಸುಮಾರು 42 ಡಿಗ್ರಿ ಸೆಂಟಿಗ್ರೇಡಿಗೆ ಏರಿಸಿದರು. ಸರಕಾರದ ಸಂಶೋಧಕರು ಪರೀಕ್ಷಿಸಿ ನೋಡಲಾಗಿ, ಇದರಿಂದ ಗುಣವಾದುದಕ್ಕೆ ಆಧಾರವು ಕಾಣಲಿಲ್ಲ. ಪ್ರಯೋಗಶಾಲೆಯ ನಳಿಕೆಯಲ್ಲಿ 56 ಡಿಗ್ರಿ ಶಾಖಕ್ಕೆ ವೈರಾಣುವು ಸೋಲುವುದು ನಿಜ. ಆದರೆ ಅಷ್ಟು ಶಾಖವನ್ನು ಮನುಷ್ಯನು ತಾಳಲಾರನು. ಮೇಲಾಗಿ ಅದು ಜೀವಕೋಶಗಳ ಒಳಗೇ ಅಡಗಿ ಕುಳಿತಿರುವ ಶತ್ರು.

ಇನ್ನು ಆಹಾರದ ಮಾತು. ಟಾಂಜಾನಿಯಾ ದೇಶದ ದಾರ್-ಎಸ್-ಸಲಾಮಿನಲ್ಲಿ 1995ರಿಂದ ಸೋಂಕುಳ್ಳ 1,078 ಮಂದಿ ಗರ್ಭಿಣಿಯರನ್ನು ಸೇರಿಸಿಕೊಂಡು ಪರೀಕ್ಷೆಯೊಂದು ನಡೆಯಿತು. ಬಿ, ಸಿ, ಇ ಜೀವಸತ್ವಗಳನ್ನು ಪಡೆದವರಲ್ಲಿ ರೋಗವು ಬಲಿಯುವುದು ತಡವಾಯಿತೆಂದು 2004ರಲ್ಲಿ ಪ್ರಕಟವಾಯಿತು. ಎ ಜೀವಸತ್ವದಿಂದಾದರೋ ತಾಯಿಯಿಂದ ಮಗುವಿಗೆ ಸೋಂಕು ತಗಲುವುದೇ ಹೆಚ್ಚಿತು! ಸತ್ವವೆಂದ ಮಾತ್ರಕ್ಕೆ ಎಲ್ಲವೂ ಹಿತವಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಬೆಂಬಲವಾಗಬೇಕಾದುದನ್ನೇ ಔಷಧವೆಂದು ನಂಬಿದರೆ ಅನರ್ಥವು ತಪ್ಪದು. ದಕ್ಷಿಣ ಆಫ್ರಿಕೆಯ ಆರೋಗ್ಯ ಮಂತ್ರಿಗಳು ಬೆಳ್ಳುಳ್ಳಿ, ಬೀಟ್‌ರೂಟ್, ನಿಂಬೆಹಣ್ಣುಗಳನ್ನು ಹೊಗಳುತ್ತಿದ್ದ ಕಾಲದಲ್ಲಿ ಅಲ್ಲಿನ ಸರಕಾರವು ಔಷಧ ಹಂಚುವುದನ್ನು ತಡಮಾಡಿತು. 2000ದಿಂದ 2005ರವರೆಗಿನ ಈ ವಿಳಂಬದಿಂದ 3,30,000ಕ್ಕೂ ಹೆಚ್ಚು ಜೀವಗಳು ಹೋದುವೆಂದು ಹಾರ್ವರ್ಡಿನ ಸಂಶೋಧಕರು ಅಂದಾಜು ಮಾಡಿದ್ದಾರೆ.

ಹಲವು ಔಷಧಗಳನ್ನು ಕೂಡಿಸಿ ಕೊಡುವ ಪದ್ಧತಿಯು 1996ರಿಂದ ರೋಗದ ಗತಿಯನ್ನೇ ಬದಲಿಸಿತು. ನಮ್ಮ ದೇಶದಲ್ಲಿ ಸರಕಾರವು 2004ರಿಂದ ಇವನ್ನು ಉಚಿತವಾಗಿ ಕೊಡುತ್ತಿದೆ. ಇವು ವೈರಾಣುವನ್ನು ನಿರ್ಮೂಲ ಮಾಡಲಾರವಾದರೂ ಅಡಗಿಸಿಡಬಲ್ಲವು. ತಪ್ಪದೆ ಸೇವಿಸಿದವರು ದೀರ್ಘಕಾಲ ಬಾಳಬಹುದು.

ಆದುದರಿಂದ ಗೃಹಸ್ಥರು ಇಷ್ಟನ್ನು ನೆನಪಿನಲ್ಲಿಡಬೇಕು. ರೋಗಿಗೆ ಬಿಸಿಯಾದ ಅನ್ನ, ಬೇಳೆ, ಹಾಲು, ಸೊಪ್ಪುಗಳನ್ನು ಪ್ರೀತಿಯಿಂದ ಬಡಿಸಿರಿ. ಒಂದೇ ಪಂಕ್ತಿಯಲ್ಲಿ ಕುಳಿತು ಉಂಡರೆ ರೋಗವು ಅಂಟುವುದಿಲ್ಲ. ಆದರೆ ಊಟವಾದ ಮೇಲೆ ಅಂದಿನ ಮಾತ್ರೆಯನ್ನು ನುಂಗಿಯಾಯಿತೇ ಎಂದು ಕೇಳುವುದನ್ನು ಮರೆಯಬೇಡಿರಿ.